ಕೂಳೆ ಒಯ್ದವಳು

ಮರಿಮೊಮ್ಮಗಳು ವಿಜಾಪುರದಿಂದ ಒಂದು ಮರದ ಗೂಡು ತಂದಿಟ್ಟಳು. ಒಳಗೆ ಎರಡು ಬಾಲವಿಲ್ಲದ ಇಲಿ. ಗಿನಿ ಹಂದಿ ಅನ್ನಬೇಕಂತೆ. ಮರುದಿನ ಮುಂಜಾನೆ ನೋಡಿದರೆ ಗೂಡಿನ ಮೂಲೆಯ ಹಲಗೆ ಕಡಿದು ಹಿಟ್ಟು ಮಾಡಿದ್ದವು. ಆ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಆಕೆ ನೆನಪಾದಳು... ಐವತ್ತು ವರ್ಷದ ಹಿಂದಿನ ಆಕೆ.

ಆಕೆ ದನದ ದವಾಖಾನೆಯ ಕಂಪೌಂಡರನ ಹೆಂಡತಿ. ಬಾಗೇವಾಡಿಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದಳು. ಮಕ್ಕಳಿರಲಿಲ್ಲ. ಧಾರವಾಡದಿಂದ ಬರುವಾಗ ಇಂಥವೇ ಎರಡು ಪ್ರಾಣಿ ತಂದಿದ್ದಳು. ಅವನ್ನು ನೋಡಲು ಹೋದ ನನ್ನ ಆರು ವರ್ಷದ ಮಗಳು ಉಣ್ಣುವುದೂ ಅಲ್ಲೇ, ಆಡುವುದೂ ಅಲ್ಲೇ. ಜಡೆಯನ್ನೂ ಆಕೆಯ ಕೈಲೇ ಹಾಕಿಸಿಕೊಳ್ಳುತ್ತಿದ್ದಳು. ನಾನು ಹಾಕಿದರೆ ಎಳೆಯುತ್ತದಂತೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು. ನಾನು ಹೆತ್ತದ್ದು ಇನ್ನೊಬ್ಬಳ ಮಡಿಲಲ್ಲಿ ಕೂತರೆ ಯಾರಿಗೆ ಉರಿಯುವುದಿಲ್ಲ?

ಆಕೆ ದಿನ ಬಿಟ್ಟು ದಿನ ನಮ್ಮ ಹಿತ್ತಲಿಗೆ ಬರುತ್ತಿದ್ದಳು. "ಅಕ್ಕಾರ, ನಾಕು ಕೂಳಿ ತಗೊಳ್ಳಲೇನ್ರಿ?" ಜೋಳ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಬುಡವೇ ಕೂಳೆ. ಇಂಗಳೇಶ್ವರದ ಹೊಲದಿಂದ ಆರಿಸಿ ತಂದು ಒಲೆಗೆಂದು ಒಟ್ಟಿದ್ದೆ.

"ತಗೋ ನಮ್ಮವ್ವಾ. ಸರಕಾರಿ ಪಗಾರದಾಗ ಕಟಗಿ ಬರಂಗಿಲ್ಲ ಕಾಣತೈತಿ" ಎಂದು ಚುಚ್ಚುತ್ತಿದ್ದೆ. ಆಕೆ ನಕ್ಕು ಒಯ್ಯುತ್ತಿದ್ದಳು.

ಮಗಳನ್ನು ಮನೆಯಲ್ಲಿ ಹಿಡಿದಿಡಲು ಒಂದು ಉಪಾಯ ಹೂಡಿದೆ. ಆಕೆಯ ಪ್ರಾಣಿ ಮರಿ ಹಾಕಿದಾಗ ಎರಡು ಕೇಳಿ ತಂದೆ. ಚಹಾಪುಡಿಯ ಹಳೆಯ ಪೆಟ್ಟಿಗೆಯೇ ಗೂಡಾಯಿತು. ಮೂರು ದಿನ ಮಗಳು ಹೊಸ್ತಿಲು ದಾಟಲಿಲ್ಲ. ಗೆದ್ದೆ ಅಂದುಕೊಂಡೆ. ನಾಲ್ಕನೆಯ ದಿನ ಮರಿಗಳು ಪೆಟ್ಟಿಗೆ ಕಡಿಯತೊಡಗಿದವು.

"ಅವ್ವಾ, ಕಾಕಿ ಮನ್ಯಾಗಿನ್ವು ಹಿಂಗ ಕಡಿಯಂಗಿಲ್ಲ. ಹೋಗಿ ಕೇಳಿ ಬರ್ಲೇನು?"

"ಕಾಲ ಮುರಿತೇನಿ. ಸುಮ್ನ ಕುಂಡ್ರು."

ಮಗಳಿಗೆ ಮೊಲೆ ಬಿಡಿಸಲು ಬೇವು ಹಚ್ಚಿಕೊಂಡವಳು ನಾನು. ಹಾಗೇ ಪೆಟ್ಟಿಗೆಯ ಅಂಚಿಗೂ ಬೇವು ಅರೆದು ಬಳಿದೆ. ಅವು ಅದನ್ನೂ ನೆಕ್ಕಿ ಕಡಿದವು. ಸಿಟ್ಟಿಗೆ ಖಾರಪುಡಿ ಕಲಸಿ ಬಳಿದೆ. ಸಂಜೆಗೆ ಎರಡೂ ಬಾಯಿ ಬಾತು ಮೂಲೆ ಸೇರಿದವು, ನೀರೂ ಮುಟ್ಟಲಿಲ್ಲ. ಮಗಳು ಪೆಟ್ಟಿಗೆ ಎತ್ತಿಕೊಂಡು ಅಳುತ್ತ ಪಕ್ಕದ ಮನೆಗೆ ಓಡಿದಳು. ಜಗಳಕ್ಕೆ ಸೆರಗು ಬಿಗಿದು ನಾನೂ ಹಿಂದೆ ಹೋದೆ.

ಆಕೆ ಒಂದು ಮಾತು ಬೈಯಲಿಲ್ಲ. ಅರಳೆ ಮಜ್ಜಿಗೆಯಲ್ಲಿ ಅದ್ದಿ ಮರಿಗಳ ಬಾಯಿ ಒರೆಸಿದಳು. "ಅಕ್ಕಾರ, ಅವು ಸೊಕ್ಕಿಗೆ ಕಡಿಯಂಗಿಲ್ರಿ. ಹಲ್ಲು ಬೆಳ್ಕೋಂತ ಇರ್ತಾವ, ಕಡದು ಸವಸಬೇಕು. ನಿಮ್ಮ ಕೂಳಿ ಒಂದೊಂದು ಒಳಗ ಒಗೀರಿ, ಪೆಟಗಿ ಬಿಡ್ತಾವ."

ಆಕೆಯ ಗೂಡಿನಲ್ಲಿ ಇಣುಕಿದೆ. ನಮ್ಮ ಹಿತ್ತಲಿನ ಕೂಳೆಗಳೇ! ಬೇರಿನ ಮಣ್ಣು ತೊಳೆದು ಒಣಗಿಸಿ ಹಾಕಿದ್ದಳು. ಅವೇ ಕಡಿಸಿಕೊಂಡು ನಾರಾಗಿ ಬಿದ್ದಿದ್ದವು. ಹಲಗೆಗೆ ಒಂದು ಗೀರಿಲ್ಲ. ನಾನು ದಿನಾ ಒಲೆಗಿಟ್ಟು ಸುಡುತ್ತಿದ್ದುದರಲ್ಲೇ ಮದ್ದಿತ್ತು... ಆಕೆ ಬೈದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಹಗುರಾಗುತ್ತಿದ್ದೆ.

ಮರಿಗಳು ಬದುಕಿದವು. ಮಗಳು ಮಾತ್ರ ಮತ್ತೆ ಆಕೆಯ ಬೆನ್ನಿಗೇ ಬಿದ್ದಳು. ವರ್ಷದೊಳಗೆ ಕಂಪೌಂಡರನಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮಗಳು ಬಸ್ಸಿನ ಹಿಂದೆ ಓಡಿ ಬಿದ್ದು ಮೊಣಕಾಲು ಒಡೆದುಕೊಂಡಳು. ಅರಿಶಿನ ಹಚ್ಚಲು ಹೋದರೆ ನನ್ನ ಕೈ ತಳ್ಳಿದಳು. ಪೀಡೆ ತೊಲಗಿತೆಂದು ನಾನು ಅಂದು ಹೋಳಿಗೆ ಮಾಡಿದ್ದೆ, ಅದನ್ನೂ ಮುಟ್ಟಲಿಲ್ಲ.

ಎಷ್ಟೋ ವರ್ಷದ ಮೇಲೆ ಆಕೆ ಸತ್ತ ಸುದ್ದಿ ಬಂತು. ಮಗಳು ಮಣ್ಣಿಗೆ ಹೋಗಿ ಬಂದಳು. ನಾನು ಹೋಗಲಿಲ್ಲ... ಹೋಗಬೇಕಿತ್ತು.

ಮೊನ್ನೆ ಕೂಳೆ ತರಿಸಿ, ತೊಳೆದು ಒಣಗಿಸಿ, ಮರಿಮೊಮ್ಮಗಳ ಗೂಡಿಗೆ ಹಾಕಿದೆ. ಹಲಗೆ ಕಡಿಯುವುದು ನಿಂತಿತು.

"ಆಯೀ, ಇದನ್ನ ನಿನಗ ಯಾರ ಕಲಿಸಿದ್ರು?"

"ಯಾರ ಕಲಿಸಬೇಕು? ನನಗ ಮೊದಲ ಗೊತ್ತಿತ್ತು."

ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಮುಖ ನೋಡಿದಳು. ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕತೊಡಗಿದಳು. ಒಂದು ಕೂದಲೂ ಎಳೆಯದಂತೆ... ಆಕೆ ಹಾಕುತ್ತಿದ್ದ ಹಾಗೆ.