ಸೆಲ್ವಿಯ ಮನೆಯಲ್ಲಿಟ್ಟ ಹೊಲಿಗೆ ಮೆಷಿನ್

ಸೆಲ್ವಿ, ಆ ಪಟ್ಟಿಯಲ್ಲಿ ನಿನ್ನ ಹೆಸರು ಬರದ ಹಾಗೆ ಮಾಡಿದವಳು ನಾನು. ದೇವರಲ್ಲ, ಸಂಸ್ಥೆಯವರಲ್ಲ, ನಿನ್ನ ಹಣೆಬರಹವೂ ಅಲ್ಲ — ಆಗ ಪಕ್ಕದ ಮನೆಯಲ್ಲಿದ್ದ ನಾನು. ಇಷ್ಟು ವರ್ಷ ಈ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ನಿನ್ನ ಜೊತೆ ಎಲೆ ಅಡಿಕೆ ಹಾಕಿದ್ದೇನೆ, ನಕ್ಕಿದ್ದೇನೆ, ನಿನ್ನ ಗಂಡ ಹೋದಾಗ ನಿನ್ನ ತಲೆ ಸವರಿದ್ದೇನೆ. ಹೇಗೆ ಸವರಿದೆನೋ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆಯುವುದು ಕಷ್ಟ. ಆದರೂ ಒಂದು ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ — ನಮ್ಮ ಮಂಜನಿಗೆ ಮಗಳು ಹುಟ್ಟಿದ್ದಾಳೆ ಕಣೆ! ಮದುವೆಯಾದ ಹನ್ನೊಂದು ವರ್ಷಕ್ಕೆ! ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸಮ್ಮ ತಂದು ಕೈಗೆ ಕೊಟ್ಟಾಗ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಸೊಸೆ ಶೋಭಾಗೆ ತಾಯಿ ಇಲ್ಲ, ಹಾಗಾಗಿ ಬಾಣಂತನವೂ ನನ್ನ ಕೈಯಲ್ಲೇ. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದರೆ ಆ ಮಗು ಅಳುವುದೇ ಇಲ್ಲ, ಹುಬ್ಬು ಗಂಟು ಹಾಕಿ ನನ್ನನ್ನೇ ನೋಡುತ್ತದೆ. ಸೋಗಾನೆ ನಿಲ್ದಾಣದ ವಿಮಾನ ತಲೆಯ ಮೇಲೆ ಹೋದರೆ ಎರಡೂ ಮುಷ್ಟಿ ಬಿಗಿಯುತ್ತದೆ. "ಅಜ್ಜಿಗೆ ಮೊಮ್ಮಗಳ ಹುಚ್ಚು ಹಿಡಿದಿದೆ" ಎಂದು ಅಕ್ಕಪಕ್ಕದವರು ನಗುತ್ತಾರೆ. ಹಿಡಿದಿದೆ, ಸುಳ್ಳಲ್ಲ.

ಬುಧವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮಂಜ ನಡುಮನೆಯ ಕೊಂಡಿಗೆ ತೊಟ್ಟಿಲು ಕಟ್ಟಿದ್ದಾನೆ. ಖಾಲಿ ತೊಟ್ಟಿಲು, ಗಾಳಿಗೆ ತಾನೇ ತೂಗುತ್ತದೆ. ಅದನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಯಾಕೆಂದರೆ ಈ ಕೊಂಡಿ, ಈ ತಾರಸಿ, ಈ ಮನೆ — ನಿನ್ನದಾಗಬೇಕಿತ್ತು.

ಆ ವರ್ಷದ ಮಳೆ ನೆನಪಿದೆಯಲ್ಲ. ಭದ್ರೆ ಭದ್ರಾವತಿಯ ನಮ್ಮ ಹಳೆಯ ಬೀದಿಗೆ ನುಗ್ಗಿದಳು. ಎಲ್ಲರೂ ಶಾಲೆಯ ಕೋಣೆಗಳಲ್ಲಿ ನಿರಾಶ್ರಿತರಾಗಿ ಬಿದ್ದುಕೊಂಡೆವು. ನೀರಿಳಿದ ಮೇಲೆ ಬಂದು ನೋಡಿದರೆ ನಿನ್ನ ಮನೆಯ ಹಿಂದಿನ ಗೋಡೆ ಪೂರ್ತಿ ಮಲಗಿತ್ತು. ಮುಂದಿನ ಕೋಣೆಯೊಂದು ಉಳಿದಿತ್ತು, ಅದರಲ್ಲಿ ಉಬ್ಬಸದ ನಿನ್ನ ಗಂಡ ಆರ್ಮುಗ ಮಂಚ ಹಿಡಿದಿದ್ದ. ನೀನು ಎರಡು ಮನೆಯ ಪಾತ್ರೆ ತಿಕ್ಕಿ ಅವನನ್ನು ಸಾಕುತ್ತಿದ್ದೆ. ನಮ್ಮ ಮನೆಯ ಗೋಡೆಗಳು ನಿಂತಿದ್ದವು. ಮಂಜ ಲಾರಿಯಲ್ಲಿ ದುಡಿಯುತ್ತಿದ್ದ. ತವರಿಗೆ ಹೋಗಿದ್ದ ಶೋಭಾಳ ಹೊಲಿಗೆ ಮೆಷಿನ್ ಅಟ್ಟದ ಮೇಲೆ ಒಂದು ಹನಿ ನೀರು ಸೋಕದೆ ಕೂತಿತ್ತು.

ಆಮೇಲೆ ನೆರೆ ಪರಿಹಾರ ಕೊಡುವ ಸಂಸ್ಥೆಯವರು ಬಂದರು. ಎಲ್ಲರಿಗೂ ಕೊಡುವಷ್ಟು ನಮ್ಮ ಹತ್ತಿರ ಇಲ್ಲ, ತೀರಾ ಕೈಲಾಗದವರನ್ನು ಆರಿಸುತ್ತೇವೆ, ಅವರಿಗೆ ತಿಂಗಳ ದಿನಸಿ, ಔಷಧಿ, ಆಮೇಲೆ ಎತ್ತರದ ಜಾಗದಲ್ಲಿ ಒಂದು ಮನೆ ಎಂದರು. ಮನೆ ಮನೆಗೆ ಬಂದು ಕಷ್ಟಕ್ಕೆ ಅಂಕ ಹಾಕುತ್ತಾರಂತೆ. ನೀನು ಪಾತ್ರೆ ತಿಕ್ಕಲು ಹೋಗಿದ್ದಾಗ ನಲ್ಲಿಯ ಹತ್ತಿರ ಹೆಂಗಸರದ್ದೆಲ್ಲ ಅದೇ ಮಾತು.

"ಸಾಮಾನು ಕಂಡ್ರೆ ಅಂಕ ಕಟ್ ಮಾಡ್ತಾರಂತೆ ಮಾರಾಯ್ತಿ! ದುಡಿಯೋರಿದ್ರೆ ಇನ್ನೂ ಜಾಸ್ತಿ ಕಟ್ಟಂತೆ."

"ಹಂಗಾದ್ರೆ ನಮ್ಮನೆಯವ್ರನ್ನೂ ಅಟ್ಟದ್ ಮೇಲೆ ಬಚ್ಚಿಡ್ಬೇಕು."

"ನಿನ್ ಗಂಡನ್ನ ಯಾಕ್ ಬಚ್ಚಿಡ್ತೀಯ? ಅವ್ನನ್ನ ನೋಡಿದ್ರೆ ಅವ್ರೇ ಎರಡು ಅಂಕ ಜಾಸ್ತಿ ಹಾಕ್ತಾರೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಿಂದಿಗೆ ಹೊತ್ತು ಮನೆಗೆ ಬಂದು ಅಟ್ಟದ ಕಡೆ ನೋಡಿದೆ — ಅಷ್ಟೇ, ನಗು ನಿಂತುಹೋಯಿತು.

ಆ ಸಂಜೆ ನಿನ್ನ ಬಾಗಿಲಿಗೆ ಬಂದು ನಾನೇನು ಹೇಳಿದೆ? "ಸೆಲ್ವಿ, ನಮ್ಮನೆ ನೆಲ ಇನ್ನೂ ಒದ್ದೆ, ಮೆಷಿನ್ ತುಕ್ಕು ಹಿಡಿಯುತ್ತೆ. ನಾಲ್ಕು ದಿನ ನಿನ್ ಮುಂದಿನ ರೂಮಲ್ಲಿ ಇಟ್ಕೊ. ಖಾಲಿ ಮನೆಗಳಲ್ಲಿ ಕಳ್ಳತನ ಆಗಿದೆಯಂತೆ. ಯಾರಾದ್ರೂ ಕೇಳಿದ್ರೆ ನಿಂದೇ ಅಂತ ಹೇಳು. ಬೇರೆಯವ್ರದ್ದು ಅಂದ್ರೆ ನಿನ್ ಮೇಲೇ ಅನುಮಾನ ಬರುತ್ತೆ ನೋಡು."

ಅಟ್ಟದ ಮೇಲಿದ್ದದ್ದು ನೆಲದ ತೇವಕ್ಕೆ ತುಕ್ಕು ಹಿಡಿಯುತ್ತದೆಯೇ ಎಂದು ನೀನು ಕೇಳಲಿಲ್ಲ. "ಅದಕ್ಕೇನಕ್ಕ, ಇಟ್ಟೋಗಿ. ನಮ್ಮನೆಗೆ ಬಂದ ಕಳ್ಳನೇ ಪಾಪ ಅಂತ ಏನಾದ್ರೂ ಕೊಟ್ಟೋಗ್ಬೇಕು" ಎಂದೆ. ಇಬ್ಬರೂ ಸೇರಿ ಹೊತ್ತು ತಂದೆವು. ಭಾರದ ಕಡೆ ನೀನೇ ಹಿಡಿದಿದ್ದೆ.

ಶುಕ್ರವಾರ ಅವರು ಬಂದರು. ಮೊದಲು ನಮ್ಮ ಮನೆ. ನಾನು ಹರಿದ ಸೀರೆಯುಟ್ಟು ಬರೀ ನೆಲದ ಮೇಲೆ ಕೂತಿದ್ದೆ. ಮಗ ಮನೆಗೆ ಏನೂ ಕಳಿಸುವುದಿಲ್ಲ ಎಂದೆ — ಹೆತ್ತ ಮಗನ ಮೇಲೂ ಸುಳ್ಳು. ಬರೆದುಕೊಳ್ಳುವ ಹುಡುಗಿ ಮರುಗಿದಳು. ಆಮೇಲೆ ನಿನ್ನ ಮನೆಗೆ ಹೋಗುವಾಗ ನನ್ನನ್ನೂ ಕರೆದಳು. ಪ್ರತಿ ಮನೆಯ ವಿಷಯಕ್ಕೂ ಪಕ್ಕದ ಮನೆಯವರ ಸಾಕ್ಷಿ ಪಡೆಯುವುದು ಅವರ ಪದ್ಧತಿ.

ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ನೀನು ಆ ಮೆಷಿನ್ನನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು, ಒಂದು ಮೊಳ ಕನಕಾಂಬರ ಮುಡಿಸಿದ್ದೆ. ನಾನು ಹೇಳಿರಲಿಲ್ಲ ಸೆಲ್ವಿ, ಅದನ್ನು ಮಾತ್ರ ನಾನು ಹೇಳಿರಲಿಲ್ಲ. ಯಾರದ್ದಾದರೇನು, ಶುಕ್ರವಾರ ಮನೆಯೊಳಗಿರುವ ಲಕ್ಷ್ಮಿಯನ್ನು ಬರಿದಾಗಿ ಬಿಡಬಾರದು ಎನ್ನುವುದು ನಿನ್ನ ಲೆಕ್ಕ. ಬೇರೆಯವರ ಸಾಮಾನಿಗೆ ಯಾರು ಹೂವು ಮುಡಿಸುತ್ತಾರೆ? ಆ ಹುಡುಗಿಗೆ ಅನುಮಾನವೇ ಬರಲಿಲ್ಲ.

"ಮೆಷಿನ್ ನಿಮ್ದಾಮ್ಮ? ಎಷ್ಟ್ ಚೆನ್ನಾಗಿ ಇಟ್ಕೊಂಡಿದೀರ!"

"ಹೂಂ, ನಂದೇ" ಎಂದೆ ನೀನು. ಹೇಳುವಾಗ ಬೆನ್ನು ನೆಟ್ಟಗೆ ಮಾಡಿ ಕೂತೆ. ಒಂದು ಗಳಿಗೆ ನಿಜಕ್ಕೂ ಒಂದು ವಸ್ತುವಿನ ಒಡತಿಯಾದೆ. ಅದನ್ನು ನೆನೆದರೆ ಈಗಲೂ ನನಗೆ —

ಹುಡುಗಿ ನನ್ನ ಕಡೆ ತಿರುಗಿದಳು. "ಅಜ್ಜಿ, ಇವ್ರು ಹೊಲೀತಾರಾ? ದುಡಿಮೆ ಇದೆಯಾ?"

ಮಂಚದ ಮೇಲೆ ಆರ್ಮುಗ ಕೆಮ್ಮುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ತಿದ್ದಬಹುದಿತ್ತು. ಒಂದು ಉಸಿರಿನಷ್ಟು ಹೊತ್ತು ಇತ್ತು.

"ಹೂಂ ಕಣಮ್ಮ" ಎಂದೆ. "ಬೀದಿಗೆಲ್ಲ ಇವ್ಳೇ ಹೊಲಿಯೋದು."

ನೀನು ಬೆಚ್ಚಿದೆ. ಮರುಗಳಿಗೆ ನಿನ್ನ ಮುಖ ಸಡಿಲವಾಯಿತು — ಕಳ್ಳತನದ ಆರೋಪದಿಂದ ಅಕ್ಕ ನನ್ನನ್ನು ಕಾಪಾಡಿದಳು ಎಂದುಕೊಂಡೆ. ಕಣ್ಣಲ್ಲೇ ನನಗೆ ಕೈ ಮುಗಿದೆ. ನಾನು ಬಗ್ಗಿ ಅವಳ ಕಾಗದಕ್ಕೆ ಸಾಕ್ಷಿಯ ಸೈನ್ ಹಾಕಿದೆ.

ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದ ದಿನ ಕನ್ನಡ ಓದಲು ಬಾರದ ನೀನು ನನ್ನ ಕೈ ಹಿಡಿದು ಎಳೆದುಕೊಂಡು ಹೋದೆ. "ನೀವೇ ನೋಡಿ ಅಕ್ಕ, ಎಲ್ಲಾದ್ರೂ ಇದ್ದೇ ಇರುತ್ತೆ." ನಾನು ಮೇಲಿನಿಂದ ಕೆಳಗೆ ಬೆರಳಾಡಿಸಿದೆ. ನನ್ನ ಹೆಸರಿನ ಮೇಲೆ ಬೆರಳು ನಿಲ್ಲದ ಹಾಗೆ ಆಡಿಸಿದೆ.

"ನಂದು ಯಾಕಕ್ಕ ಬರ್ಲಿಲ್ಲ?"

"ದೇವ್ರಿಗೇ ಗೊತ್ತು ಕಣೆ."

ಈ ಮನೆಯ ಗೃಹಪ್ರವೇಶಕ್ಕೆ ಹಾಲುಕ್ಕಿಸುವಾಗ ಒಲೆಯ ಮುಂದೆ ಕೂತು ಊದಿದವಳು ನೀನು. ನೀನಿನ್ನೂ ಅದೇ ಹೊಳೆಯ ಪಕ್ಕ, ಹಿಂದಿನ ಗೋಡೆಯ ಜಾಗಕ್ಕೆ ಟಾರ್ಪಲ್ ಕಟ್ಟಿಕೊಂಡಿದ್ದೆ. ಎರಡು ಮಳೆಗಾಲ ಆರ್ಮುಗ ಆ ತೇವದಲ್ಲಿ ಕೆಮ್ಮಿದ. ಮೂರನೆಯದನ್ನು ಅವನು ನೋಡಲಿಲ್ಲ. ತೇವದಿಂದಲೇ ಸತ್ತ ಎನ್ನಲು ನಾನು ಡಾಕ್ಟರಲ್ಲ. ಅಲ್ಲ ಎನ್ನಲು ಧೈರ್ಯವೂ ಇಲ್ಲ. ಅವನಿಗೆ ಎಲ್ಲ ಗೊತ್ತಿತ್ತು ಎನ್ನಿಸುತ್ತದೆ. ನಿನಗೆ ಯಾಕೆ ಹೇಳಲಿಲ್ಲವೋ.

ಹೋದ ವಾರ ಒಬ್ಬ ಹೊಸ ಹುಡುಗಿ ಹಳೆಯ ಕಾಗದ ಹಿಡಿದುಕೊಂಡು ಈ ಬಾಗಿಲಿಗೆ ಬಂದಳು. ಉಳಿದವರಿಗೆ ಇನ್ನಷ್ಟು ಮನೆ ಕೊಡುತ್ತಾರಂತೆ, ನೀನು ಅರ್ಜಿ ಹಾಕಿದ್ದೀಯಂತೆ. ಆದರೆ ಹಳೆಯ ಕಾಗದದಲ್ಲಿ ನಿನಗೆ ಹೊಲಿಗೆಯ ದುಡಿಮೆ ಇದೆ ಎಂದಿದೆ, ಕೆಳಗೆ ನನ್ನ ಸೈನು. "ಇದು ನಿಜ ಅಂತಾದ್ರೆ ಅವ್ರಿಗೆ ಈ ಸಲನೂ ಸಿಗಲ್ಲ ಅಜ್ಜಿ. ಸೋಮವಾರ ಬರ್ತೀನಿ, ನೆನಪು ಮಾಡ್ಕೊಂಡಿರಿ" ಎಂದಳು. ಸುಳ್ಳು ಹೇಳಿ ಪಡೆದ ಮನೆಯನ್ನು ವಾಪಸು ಪಡೆಯುತ್ತಾರೆ ಎಂದು ನಮ್ಮ ಮನೆಯ ಪತ್ರದಲ್ಲಿ ಬರೆದಿದೆ, ಮಂಜ ಓದಿ ಹೇಳಿದ್ದ. ಆರು ದಿನ ನಾನು ಮಗುವನ್ನು ಕೆಳಗಿಳಿಸಲಿಲ್ಲ. ಯಾರೋ ಕಿತ್ತುಕೊಳ್ಳಲು ಬರುತ್ತಿದ್ದಾರೆ ಎನ್ನುವ ಹಾಗೆ ಅವಚಿಕೊಂಡೇ ಇದ್ದೆ.

ಇವತ್ತು ಸೋಮವಾರ. ನೆನಪಿಲ್ಲ ಎನ್ನಬೇಕೆಂದಿದ್ದೆ. ಈ ವಯಸ್ಸಿಗೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು, ಆ ಹುಡುಗಿ ಎದುರು ಕೂತಿದ್ದಳು, ನಾನು ಬಾಯಿ ತೆರೆದೆ — "ಮೆಷಿನ್ ನಮ್ದು" ಎಂದುಬಿಟ್ಟೆ. ಆಮೇಲೆ ಉಳಿದದ್ದೆಲ್ಲ ಹೇಳಿದೆ.

ಅವಳ ಪೆನ್ನು ನಿಂತಿತು. "ಅಜ್ಜಿ, ಇದನ್ನ ಬರ್ಕೊಂಡ್ರೆ ನಿಮ್ ಮನೆಗೂ ತೊಂದ್ರೆ ಆಗ್ಬಹುದು. ಬರ್ಕೊಳ್ಳಲಾ?"

"ಬರ್ಕೊಮ್ಮ. ಓದಿ ಹೇಳು, ಸೈನ್ ಹಾಕ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಶೋಭಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ನನ್ನ ಮಡಿಲಿನಿಂದ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು. ಈಗ ಇದನ್ನು ಬರೆಯುತ್ತಿರುವಾಗಲೂ ಆ ಬಾಗಿಲು ತೆರೆದಿಲ್ಲ.

ನಿನಗೆ ಮನೆ ಸಿಗುತ್ತದೋ, ನಮ್ಮದು ಉಳಿಯುತ್ತದೋ ನನಗೆ ಗೊತ್ತಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ. ಸಂಜೆ ಮಂಜ ಬರುತ್ತಾನೆ, ಅವನಿಗೂ ನಾನೇ ಹೇಳಬೇಕು. ನಾಳೆ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತುತ್ತೇನೆ. ನನ್ನನ್ನು ಕಂಡ ಕೂಡಲೇ ನೀನು "ಬನ್ನಿ ಅಕ್ಕ" ಎನ್ನುತ್ತೀಯ, ನೀರು ತರಲು ಏಳುತ್ತೀಯ. ಬೇಡ ಸೆಲ್ವಿ. ಹೊಸ್ತಿಲ ಹೊರಗೇ ನಿಂತು ಇದನ್ನು ಪೂರ್ತಿ ಓದುತ್ತೇನೆ. ಅಲ್ಲಿಯವರೆಗೆ ಒಳಗೆ ಕರೆಯಬೇಡ.