ಶ್ರಾವ್ಯಾಳ ಮನೆಗೆ ನಾನು ಕರೆತಂದ ಅತಿಥಿಗಳು

ಶ್ರಾವ್ಯಾ, ನಾನು ನಿನಗೆ ಸುಳ್ಳು ಹೇಳಿದ್ದೇನೆ. ನಾಲ್ಕು ವರ್ಷಗಳ ಹಿಂದೆ, ನೀನು ಜರ್ಮನಿಯಲ್ಲಿ ಓದುತ್ತಿದ್ದಾಗ, ಕ್ರಿಸ್‌ಮಸ್ ರಜೆಗೆ ನಿನ್ನ ಮನೆಗೆ ವಾಸು ಶೆಟ್ರನ್ನೂ ಅವರ ಹೆಂಡತಿ ಕಸ್ತೂರಕ್ಕನನ್ನೂ ಕರೆದುಕೊಂಡು ಬಂದೆನಲ್ಲ — ಅವರು ಊರು ತಿರುಗಲು ಬಂದವರಲ್ಲ. ತಮ್ಮ ಮಗನಿಗೆ ನಿನ್ನನ್ನು ನೋಡಲು ಬಂದವರು. ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಸಾಲದು. ಅದನ್ನು ಹೂಡಿದವನೇ ನಾನು.

ನಿನಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ನಾನೇ ನಿನಗೆ ಓದಿ ಹೇಳಬೇಕು. ಬರೆದುಕೊಳ್ಳದೆ ಫೋನ್ ಹಿಡಿದರೆ ನನ್ನ ನಾಲಿಗೆ ಮತ್ತೆ ಬೇರೆ ದಾರಿ ಹಿಡಿದೀತೆಂಬ ಭಯ — ನನ್ನ ಮೇಲೆ ನನಗೆ ಅಷ್ಟೇ ನಂಬಿಕೆ ಉಳಿದಿದೆ.

ನಮ್ಮವರಲ್ಲಿ ಹೆಣ್ಣು ನೋಡುವ ಕ್ರಮ ನಿನಗೆ ಪೂರ್ತಿ ತಿಳಿಯದು. ಎಲ್ಲರೂ ಸೇರಿ ತಿಂಡಿ ತಿಂದು ನೋಡುವುದು ಆಮೇಲಿನ ಮಾತು. ಅದಕ್ಕೆ ಮೊದಲು ಹುಡುಗನ ಕಡೆಯ ಹಿರಿಯರು ಯಾವುದಾದರೂ ನೆಪ ಮಾಡಿಕೊಂಡು ಹುಡುಗಿಯ ಮನೆಗೆ ಹೋಗಿಬರುತ್ತಾರೆ. ಹುಡುಗಿಗೆ ಸುಳಿವು ಇರಬಾರದು. ಅವಳು ಹೇಗೆ ನಡೆಯುತ್ತಾಳೆ, ಹೇಗೆ ಬಡಿಸುತ್ತಾಳೆ, ಬಂದವರಿಗೆ ಮುಖ ಕೊಟ್ಟು ಮಾತಾಡುತ್ತಾಳೋ ಇಲ್ಲವೋ — ಎಲ್ಲ ಸುಮ್ಮನೆ ನೋಡಿಕೊಳ್ಳುತ್ತಾರೆ. ನಿನ್ನ ಅಜ್ಜಿಯನ್ನೂ ಹಾಗೇ ನೋಡಿದ್ದು. ಎಮ್ಮೆ ಕೇಳುವ ನೆಪದಲ್ಲಿ ನಮ್ಮ ಅಮ್ಮ ಅವರ ಮನೆಗೆ ಹೋಗಿದ್ದರು. ಆ ಕಥೆ ಹೇಳಿ ನಾವು ಎಷ್ಟು ಸಲ ನಕ್ಕಿಲ್ಲ! ಅಜ್ಜಿ ಮಾತ್ರ ಆ ನಗುವಿನಲ್ಲಿ ಸೇರುತ್ತಿರಲಿಲ್ಲ. ಯಾಕೆಂದು ನಾನು ಒಂದು ದಿನವೂ ಕೇಳಲಿಲ್ಲ.

ವಾಸು ಶೆಟ್ರು ಯಾರೆಂದು ನಿನಗೆ ಗೊತ್ತು. ಮುಂಬಯಿ ಫೋರ್ಟಿನ ಅವರ ಹೋಟೆಲಿನಲ್ಲಿ ನನ್ನ ಇಡೀ ಆಯುಷ್ಯ ಕಳೆಯಿತು. ಹಗಲು ಅಲ್ಲಿ ಟೇಬಲ್ ಒರೆಸಿ, ಸಂಜೆ ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಮಾಡಿದೆ. ಮೆಟ್ರಿಕ್ ಆದದ್ದಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರು. ಅಲ್ಲಿಂದ ಏಳುವಾಗ ತಲೆ ಬೆಳ್ಳಗಾಗಿತ್ತು. ಶೆಟ್ರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೂ ಅವರು ಧಣಿ, ನಾನು ಆಳು. ಅವರು ಬಾಂದ್ರಾದಲ್ಲಿ ಎರಡನೆಯ ಹೋಟೆಲು ಮಾಡಿ ಮಗನನ್ನು ಕೂರಿಸಿದ ಮೇಲೆ ಒಂದು ದಿನ ಕೇಳಿದರು, "ಮಂಜಣ್ಣ, ನಿನ್ನ ಮೊಮ್ಮಗಳು ಹೇಗೆ? ನಮ್ಮವನಿಗೆ ಕಲಿತ ಹುಡುಗಿ ಬೇಕಂತೆ ಮಾರಾಯ."

ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ನಿನ್ನ ಸುಖ ನೆನೆದು ಅಲ್ಲ. ಶೆಟ್ರ ಮನೆಯ ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಅವರ ಬೀಗನಾಗಿ ಕೂತ ನನ್ನನ್ನೇ ನಾನು ಕಂಡೆ. ಇದ್ದದ್ದು ಅದೇ.

ನಿನ್ನ ಅಮ್ಮ ಸುಜಾತ ನನಗೆ ಮೊದಲೇ ಹೇಳಿದ್ದಳು, ಓದು ಮುಗಿಯುವವರೆಗೆ ಮದುವೆ ಸುದ್ದಿ ಎತ್ತಬೇಡಿ ಅಪ್ಪ ಎಂದು. ಹಾಗಾಗಿ ಅವಳ ಮುಂದೆಯೂ ಬಾಯಿ ಬಿಡಲಿಲ್ಲ. ಶೆಟ್ರು ದಂಪತಿ ಯುರೋಪು ನೋಡಲು ಹೊರಟಿದ್ದಾರೆ, ಜತೆಗೆ ನನ್ನನ್ನೂ ಕರೆಯುತ್ತಿದ್ದಾರೆ ಎಂದೆ. ನಿನಗೆ ಫೋನ್ ಮಾಡಿ, ಕೆಲವು ದಿನ ನಿನ್ನಲ್ಲಿ ಉಳಿಯಬಹುದೇ ಎಂದು ಕೇಳಿದೆ. ನೀನು ಕೂಗಿಕೊಂಡೆ, "ಅಜ್ಜ, ನೀವು ಬರ್ತೀರಾ? ಸಚ್ಚಿ?"

ಜನವರಿಯಲ್ಲಿ ನಿನಗೆ ಪರೀಕ್ಷೆ ಇತ್ತು. ಅದನ್ನು ನೀನು ಹೇಳಲೇ ಇಲ್ಲ.

ನಾಲ್ವರು ವಿದ್ಯಾರ್ಥಿಗಳು ಸೇರಿ ಇದ್ದ ಮನೆ ಅದು. ಒಂದೇ ಅಡುಗೆಮನೆ, ಒಂದೇ ಬಚ್ಚಲು. ಇಬ್ಬರು ಹುಡುಗಿಯರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಅವರಲ್ಲಿ ಒಬ್ಬಳ ಕೋಣೆಯನ್ನು ಕೇಳಿ ನನಗೆ ಕೊಟ್ಟೆ. ಇನ್ನೊಬ್ಬಳು ತನ್ನ ಕೋಣೆಗೆ ಬೀಗ ಹಾಕಿ ಹೋಗಿದ್ದಳು. ನಿನ್ನ ಕೋಣೆ ಶೆಟ್ರು ದಂಪತಿಗೆ. ನೀನು ವ್ಯಾಯಾಮದ ತೆಳ್ಳಗಿನ ಚಾಪೆ ಹಾಸಿ ಅಡುಗೆಮನೆಯ ಮೂಲೆಯಲ್ಲಿ ಮಲಗಿದೆ. ಬೆಳಿಗ್ಗೆ ನಾನು ನೀರು ಕುಡಿಯಲು ಬಂದರೆ ಒಲೆಯ ಪಕ್ಕದಲ್ಲಿ ಪುಸ್ತಕ ಬಿಡಿಸಿ ಕೂತಿರುತ್ತಿದ್ದೆ. ನನ್ನನ್ನು ಕಂಡ ಕೂಡಲೇ ಅದನ್ನು ಮುಚ್ಚಿ, "ಚಾ ಮಾಡ್ಲಾ ಅಜ್ಜ?" ಎನ್ನುತ್ತಿದ್ದೆ.

ನೀನು ಅಕ್ಕಿ ಹಿಟ್ಟಿನಲ್ಲಿ ನೀರುದೋಸೆ ಮಾಡಲು ಹೋದೆ, ಅದು ಕಾವಲಿಗೆ ಹಿಡಿದು ಹರಿದುಹೋಯಿತು. ನಾಲ್ಕನೇ ವಿದ್ಯಾರ್ಥಿ ಆ ಹುಡುಗ ಲುಕಾಸ್, ಹಬ್ಬಕ್ಕೆ ಮನೆಗೆ ಹೋಗದವನು, ಹರಿದ ಚೂರುಗಳನ್ನೆಲ್ಲ ನಗುನಗುತ್ತ ತಿಂದು ಮುಗಿಸಿದ. ನಮ್ಮ ತಟ್ಟೆಗಳನ್ನೂ ಅವನೇ ತೊಳೆದ. ನೀವಿಬ್ಬರೂ ಸಿಂಕಿನ ಹತ್ತಿರ ನಿಂತು ಏನೋ ತಮಾಷೆ ಮಾಡಿಕೊಂಡು ನಗುತ್ತಿದ್ದಿರಿ. ಕಸ್ತೂರಕ್ಕ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

ಶೆಟ್ರು ಮಾತ್ರ ಖುಷಿಯಲ್ಲಿದ್ದರು. "ಮಂಜಣ್ಣ, ನಿನ್ನ ಮೊಮ್ಮಗಳ ಕಾಫಿ ನಮ್ಮ ಹೋಟೆಲಿನದಕ್ಕಿಂತ ಮೇಲು ಮಾರಾಯ! ನಲವತ್ತು ವರ್ಷ ನಮ್ಮ ಕಾಫಿ ಕುಡಿದವನ ಮನೆಯಲ್ಲಿ ಇಷ್ಟು ರುಚಿ ಎಲ್ಲಿಂದ ಬಂತು?" ಎಂದರು. ಎಲ್ಲರೂ ನಕ್ಕೆವು. ನೀನೂ ನಕ್ಕೆ.

ಮರುದಿನ ನೀನು ಒಲೆಯ ಮುಂದೆ ಇರುವಾಗ ಕಸ್ತೂರಕ್ಕ ಗಂಡನಿಗೆ ತುಳುವಿನಲ್ಲಿ ಹೇಳಿದರು — ಹುಡುಗಿಯ ಕೈ ಚುರುಕು, ಬಣ್ಣ ಸ್ವಲ್ಪ ಕಮ್ಮಿ, ನಮ್ಮವನಿಗೆ ಎತ್ತರ ಸರಿಹೊಂದುತ್ತದೆ ಎಂದು. ಮುಂಬಯಿಯಲ್ಲಿ ಹುಟ್ಟಿದ ಹುಡುಗಿ, ತುಳು ಬರಲಿಕ್ಕಿಲ್ಲ ಎಂದುಕೊಂಡಿರಬೇಕು. ನಿನಗೆ ಮಾತಾಡಲು ಅಷ್ಟು ಬಾರದು, ಆದರೆ ಅಜ್ಜಿಯ ಮಡಿಲಲ್ಲಿ ಬೆಳೆದವಳು — ಪೂರ್ತಿ ಅರ್ಥವಾಗುತ್ತದೆ. ನೀನು ತಿರುಗಿ ನೋಡಲಿಲ್ಲ. ಸೌಟು ಮಾತ್ರ ಒಂದು ಗಳಿಗೆ ನಿಂತಿತು.

ಹಾಲು ಮುಗಿದಿತ್ತು. ರಜೆಗೆ ಊರಿನ ಅಂಗಡಿಗಳೆಲ್ಲ ಮುಚ್ಚಿ, ರೈಲ್ವೆ ಸ್ಟೇಷನ್ನಿನ ಅಂಗಡಿ ಒಂದೇ ತೆರೆದಿರುತ್ತದೆಂದು ಹೇಳಿ ನನ್ನನ್ನು ಜತೆಗೆ ಕರೆದೆ. ಚಳಿಗೆ ನನ್ನ ಕುತ್ತಿಗೆಗೆ ನಿನ್ನ ಮಫ್ಲರ್ ಸುತ್ತಿದೆ. ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನಿಂತು ಕೇಳಿದೆ.

"ಅಜ್ಜ, ಒಂದು ಕೇಳ್ಲಾ? ನೀವು ಬಯ್ಬಾರ್ದು."

"ಕೇಳು ಮಗಾ."

"ಈ ಅಂಕಲ್ ಆಂಟಿ ನನ್ನನ್ನು ಅವರ ಮಗನಿಗೆ ನೋಡ್ಲಿಕ್ಕೆ ಬಂದದ್ದಾ? ಸಚ್ ಬತಾವೋ, ನಿಜ ಹೇಳಿ. ಹೌದಾದ್ರೆ ನಾನು ಅವರಿಗೆ ಇವತ್ತೇ ಸೀದಾ ಹೇಳ್ತೇನೆ, ನನಗೆ ಬೇಡ ಅಂತ. ಊಟ ಹಾಕ್ತೇನೆ, ಎಲ್ಲ ಮಾಡ್ತೇನೆ. ಬಟ್ ಹೇಳ್ತೇನೆ."

ಇದಕ್ಕಿಂತ ನೇರವಾಗಿ ಯಾರು ಕೇಳಬಲ್ಲರು! ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀನು ಸಿಟ್ಟಾಗುತ್ತಿದ್ದೆ, ಶೆಟ್ರು ಮುನಿಯುತ್ತಿದ್ದರು, ಅಷ್ಟೇ. ನಾನು ಹೇಳಿದ್ದು —

"ಇಲ್ಲ ಮಗಾ. ನಿನ್ನ ಅಜ್ಜಿಯಾಣೆ ಇಲ್ಲ. ಕಸ್ತೂರಕ್ಕನ ಬಾಯಿಯೇ ಹಾಗೆ. ಎಲ್ಲ ಹುಡುಗಿಯರನ್ನೂ ಹಾಗೇ ಅಳೆಯುವುದು."

ಸತ್ತುಹೋದ ಅವಳ ಹೆಸರನ್ನು ನಡುವೆ ಎಳೆದೆ. ಅವಳ ಹೆಸರಾದರೆ ನೀನು ಮತ್ತೆ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ನೀನು ಕೇಳಲಿಲ್ಲ. ನಿನ್ನ ಮುಖ ಸಡಿಲವಾಯಿತು. "ಸಾರಿ ಅಜ್ಜ, ನಾನೇ ಏನೇನೋ ಯೋಚ್ನೆ ಮಾಡಿದೆ. ಪಾಪ ಅವರು" ಎಂದು ನನ್ನ ತೋಳು ಹಿಡಿದುಕೊಂಡು ನಡೆದೆ. ನಾನು ನಿನ್ನಿಂದ ಕ್ಷಮೆಯನ್ನೂ ಕೇಳಿಸಿಕೊಂಡೆ, ಶ್ರಾವ್ಯಾ!

ಹೊಸ ವರ್ಷದ ದಿನ ಕಸ್ತೂರಕ್ಕ ನಿನಗೆ ಸೀರೆ ಕೊಟ್ಟರು. ನಾನು ಸುಳ್ಳು ಹೇಳದೆ ಇದ್ದಿದ್ದರೆ ಅದನ್ನು ನೀನು ಮುಟ್ಟುತ್ತಿರಲಿಲ್ಲ. ಉಡುಗೊರೆಯೆಂದು ನಂಬಿ ಉಟ್ಟುಕೊಂಡೆ. ಲುಕಾಸನ ಕೈಯಲ್ಲಿ ನೆರಿಗೆ ಹಿಡಿಸಿಕೊಂಡು ಬಿದ್ದುಬಿದ್ದು ನಕ್ಕೆ. ಪಾಯಸ ಬಡಿಸಿದೆ. ಕಸ್ತೂರಕ್ಕ ಫೋಟೋ ತೆಗೆದರು — ನಿಂತದ್ದು, ಕೂತದ್ದು, ಮಗ್ಗುಲಿನಿಂದ. ನೀನು ಎಲ್ಲರ ಕಾಲು ಮುಟ್ಟಿದೆ. ಆ ಫೋಟೋಗಳು ಆಗಲೇ ಬಾಂದ್ರಾದ ಹುಡುಗನ ಮೊಬೈಲಿಗೆ ಹೋಗುತ್ತಿದ್ದವು. ನಾನು ಪಾಯಸ ಕುಡಿಯುತ್ತಿದ್ದೆ.

ಮುಂಬಯಿಗೆ ಮರಳಿದ ಮೇಲೆ ಶೆಟ್ರ ಮನೆಯಿಂದ ಬೇಡವೆಂದು ಉತ್ತರ ಬಂತು. "ಹುಡುಗಿ ಒಳ್ಳೆಯವಳೇ ಮಂಜಣ್ಣ. ಆದ್ರೆ ಗಂಡುಹುಡುಗನ ಜತೆ ಒಂದೇ ಬಚ್ಚಲು... ನಾಳೆ ಕೇಳುವವರು ಕೇಳ್ತಾರಲ್ಲ" ಎಂದರು ಕಸ್ತೂರಕ್ಕ. ಆ ಮನೆಯಲ್ಲಿ ನಾನೂ ಉಂಡಿದ್ದೆ, ಮಲಗಿದ್ದೆ. ಅಲ್ಲಿ ಕೆಟ್ಟದ್ದು ಏನೂ ಇರಲಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹೌದು ಹೌದು ಎಂದು ತಲೆಯಾಡಿಸಿ ಬಂದೆ.

ಆ ಮಾತು ಅಲ್ಲಿಗೆ ನಿಲ್ಲಲಿಲ್ಲ. ವಡಾಲದ ಒಂದು ಮದುವೆಯಲ್ಲಿ ಸುಜಾತಳಿಗೆ ಯಾರೋ ಹೇಳಿದರು, ನಿನ್ನ ಮಗಳು ಅಲ್ಲಿ ಹುಡುಗನ ಜತೆ ಇದ್ದಾಳಂತಲ್ಲ ಎಂದು. ಅವಳು ಮದುವೆಯಿಂದ ಸೀದಾ ನನ್ನ ಮನೆಗೆ ಬಂದು, ನನ್ನೆದುರೇ ನಿನಗೆ ಫೋನ್ ಮಾಡಿದಳು. ಇಬ್ಬರ ದನಿಯೂ ಏರಿತು. ಕೊನೆಗೆ ನೀನೆಂದೆ, "ಅಜ್ಜ ಇದ್ರಲ್ಲಾ ಇಲ್ಲಿ! ಅವರನ್ನೇ ಕೇಳು."

ಸುಜಾತ ಫೋನನ್ನು ನನ್ನ ಕಡೆ ಹಿಡಿದಳು. "ಹೇಳಿ ಅಪ್ಪ. ನೀವು ಕಣ್ಣಾರೆ ನೋಡಿದವರು."

ಬಾಯಿ ತೆರೆದರೆ ಈ ಮಾತು ಎಲ್ಲಿಂದ ಹುಟ್ಟಿತು, ಕಸ್ತೂರಕ್ಕನಿಗೆ ಇದರಲ್ಲಿ ಏನು ಕೆಲಸ, ಅವರು ಅಲ್ಲಿಗೆ ಬಂದದ್ದೇಕೆ — ಒಂದರ ಹಿಂದೆ ಒಂದು ಬರುತ್ತಿತ್ತು. ನಾನೆಂದೆ, "ನಾನು ಬೇರೆ ಕೋಣೆಯಲ್ಲಿ ಇದ್ದೆ. ನನಗೆ ಅಷ್ಟೆಲ್ಲ ಗೊತ್ತಾಗ್ಲಿಲ್ಲ."

ಆ ಕಡೆ ನೀನು "ಓಕೆ ಅಜ್ಜ" ಎಂದೆ.

ಅಂದಿನಿಂದ ನೀನೂ ಅಮ್ಮನೂ ಮಾತು ಬಿಟ್ಟಿರಿ. ಬೇಸಿಗೆಯ ರಜೆಗೆ ನೀನು ಮನೆಗೆ ಬರಲಿಲ್ಲ. ಜನವರಿಯ ಪರೀಕ್ಷೆಯಲ್ಲಿ ಒಂದು ವಿಷಯ ಹೋಗಿತ್ತೆಂದು ಬಹಳ ತಡವಾಗಿ ತಿಳಿಯಿತು. ಸುಜಾತ ದೀಪಾವಳಿಗೆ ಒಬ್ಬಳೇ ಹಣತೆ ಹಚ್ಚಿದಳು. ವರ್ಷ ಕಳೆದ ಮೇಲೆ ಮಾತು ಶುರುವಾಯಿತು — ಹುಷಾರಾಗಿದ್ದೀಯಾ, ಊಟ ಆಯ್ತಾ, ಅಷ್ಟು. ಈಗಲೂ ಅಷ್ಟೇ. ನನ್ನ ಮೇಲೆ ಮಾತ್ರ ನಿನಗೆ ಸಿಟ್ಟು ಬರಲಿಲ್ಲ. "ಅಜ್ಜನಿಗೆ ವಯಸ್ಸಾಯ್ತು, ನೋಡಿರ್ಲಿಕ್ಕಿಲ್ಲ" ಎಂದು ನನ್ನ ಪರವಾಗಿ ನೀನೇ ಕಾರಣ ಹುಡುಕಿಕೊಂಡೆ. ನಾನು ಅದನ್ನೂ ತೆಗೆದುಕೊಂಡೆ.

ಹಾಗೇ ಸಾಯುತ್ತಿದ್ದೆನೋ ಏನೋ. ಹೋದ ವಾರ ನೀನು ಫೋನ್ ಮಾಡಿದೆ. ಕೆಲಸ ಸಿಕ್ಕಿ ಸ್ವಂತ ಮನೆ ಹಿಡಿದಿದ್ದೀಯಂತೆ. "ಈ ಕ್ರಿಸ್‌ಮಸ್‌ಗೆ ಬನ್ನಿ ಅಜ್ಜ. ನೀವೊಬ್ಬರೇ ಬನ್ನಿ. ಬೇರೆ ಯಾರು ಬಂದ್ರೂ ನನ್ನನ್ನು ಚೆಕ್ ಮಾಡ್ಲಿಕ್ಕೆ ಬಂದ ಹಾಗೆ ಆಗ್ತದೆ, ಅಮ್ಮ ಬಂದ್ರೂ. ನನಗೋಸ್ಕರ ಬಂದವರು ನೀವು ಮಾತ್ರ."



ನಿನ್ನೆ ನಿಮ್ಮ ಮನೆಗೆ ಹೋಗಿ ಮೊದಲು ಸುಜಾತಳಿಗೆ ಹೇಳಿದೆ. ಎಲ್ಲವನ್ನೂ. ಅವಳು ಹುಣಸೆಹಣ್ಣು ಕಿವುಚುತ್ತಿದ್ದಳು. ಕೈ ಪಾತ್ರೆಯಲ್ಲೇ ಉಳಿಯಿತು. "ಅಪ್ಪ, ಅವತ್ತು ನಾನು ಅವಳಿಗೆ ಎಂಥೆಂಥ ಮಾತು ಅಂದೆ..." ಎಂದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಆಮೇಲೆ ಕೈ ತೊಳೆದುಕೊಂಡು ಕೇಳಿದಳು, "ಅವಳಿಗೆ ಯಾರು ಹೇಳೋದು?"

"ನಾನೇ" ಎಂದೆ.

ಭಾನುವಾರ ನಿನಗೆ ರಜೆ. ಸುಜಾತ ನನ್ನ ಪಕ್ಕದಲ್ಲಿ ಇರುತ್ತಾಳೆ. ನಾನು ಇದನ್ನು ಓದುತ್ತೇನೆ, ಒಂದು ಸಾಲೂ ಬಿಡದೆ. ವಯಸ್ಸಾಯಿತು, ತಿಳಿಯಲಿಲ್ಲ ಎಂದು ನೀನು ಹೇಳಹೊರಟರೆ ತಡೆಯುತ್ತೇನೆ. ನನಗೆ ಆಗ ಎಲ್ಲವೂ ತಿಳಿದಿತ್ತು. ಅಮ್ಮನ ಮೇಲಿನ ನಿನ್ನ ಸಿಟ್ಟು ನನ್ನ ಪಾಲಿನದು, ಅದನ್ನು ನನಗೆ ಕೊಡು.

ಬಾ ಎಂದು ಕರೆದೆಯಲ್ಲ, ಅದಕ್ಕೆ ನಾನಿನ್ನೂ ಹೂಂ ಎಂದಿಲ್ಲ. ನಿನ್ನ ಬಾಗಿಲಿಗೆ ಯಾರು ಯಾಕೆ ಬಂದಿದ್ದಾರೆಂದು ತಿಳಿಯುವ ಹಕ್ಕು ನಿನ್ನದಾಗಿತ್ತು, ಅದನ್ನು ನಾನು ಕಸಿದೆ. ಈಗ ತಿಳಿಸಿದ್ದೇನೆ. ಇನ್ನು ಬನ್ನಿ ಎನ್ನುವುದೋ ಬೇಡ ಎನ್ನುವುದೋ — ನೀನು ಹೇಳುವವರೆಗೆ ನಾನು ಫೋನ್ ಇಡುವುದಿಲ್ಲ. ನೀನು ಏನೂ ಹೇಳದೆ ಇಟ್ಟರೆ, ಮತ್ತೆ ಮಾಡುವುದಿಲ್ಲ.