ಅತ್ತೆಯ ತಿಪ್ಪೆ, ನನ್ನ ಡ್ರಮ್ಮು

ನಮ್ಮ ಮನೆಯಲ್ಲಿ ಕಸವೇ ಇಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಕಸದ ಡ್ರಮ್ಮು ಮನೆಗೆ ಬಂದ ಮೇಲೆ.

ರಾಣೆಬೆನ್ನೂರಿನಿಂದ ಐರಣಿಯ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಮನೆಯ ಎಡಕ್ಕೆ, ರಸ್ತೆಗೆ ತಾಗಿಕೊಂಡೇ ಅತ್ತೆಯ ತಿಪ್ಪೆ. ಎರಡು ಎಮ್ಮೆಗಳ ಸಗಣಿ, ಒಲೆಯ ಬೂದಿ, ಗೋವಿನಜೋಳದ ದಂಟು, ಶೇಂಗಾ ಹೊಟ್ಟು, ಅಂಗಳದ ಕಸ ಎಲ್ಲವೂ ಅದಕ್ಕೇ. ವರ್ಷವಿಡೀ ಅದು ಬೆಳೆಯುತ್ತದೆ, ಒಳಗೊಳಗೇ ಮಾಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ, ಮಳೆಗೆ ಮೊದಲು, ಟ್ರೇಲರ್ ತುಂಬಿಕೊಂಡು ನಮ್ಮ ಎರಡು ಎಕರೆ ಮೆಣಸಿನಕಾಯಿ ಹೊಲ ಸೇರುತ್ತದೆ. ಆ ಹೊಲಕ್ಕೆ ಬೇರೆ ಗೊಬ್ಬರ ಅತ್ತೆ ಹಾಕಿಸುವುದಿಲ್ಲ. ದೀಪಾವಳಿಗೆ ತಿಪ್ಪೆಯ ಮೇಲೊಂದು ದೀಪ ಇಡುತ್ತಾರೆ. ಮನೆಯಲ್ಲಿ ಫ್ರಿಜ್ಜೂ ಇದೆ, ಟೀವಿಯೂ ಇದೆ. ಅವಕ್ಕೆ ಆ ಮರ್ಯಾದೆ ಇಲ್ಲ.

ಒಂದು ಚಳಿಗಾಲದಲ್ಲಿ ನಮ್ಮ ಮಹಿಳಾ ಸಂಘದಿಂದ ನನ್ನನ್ನು ರಾಣೆಬೆನ್ನೂರಿಗೆ ಗೊಬ್ಬರದ ತರಬೇತಿಗೆ ಕಳಿಸಿದರು. ದೊಡ್ಡ ಸಭಾಂಗಣ, ಗೋಡೆಯ ಮೇಲೆ ಬೆಳಕಿನ ಚಿತ್ರಗಳು. ಹಸಿ ಕಸ ಎಂದರೇನು, ಒಣ ಕಸ ಎಂದರೇನು, ಎರಡನ್ನೂ ಹೇಗೆ ಪದರ ಪದರವಾಗಿ ಹಾಕಬೇಕು ಎಂದು ಒಬ್ಬ ಸಾಹೇಬರು ಬಹಳ ತಾಳ್ಮೆಯಿಂದ ಹೇಳಿಕೊಟ್ಟರು. ಸಗಣಿ ಬಳಿದೇ ಬೆಳೆದ ನಲವತ್ತು ಹೆಂಗಸರು ಸಗಣಿಯ ಚಿತ್ರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಊಟಕ್ಕೆ ಥರ್ಮಾಕೋಲ್ ತಟ್ಟೆ ಕೊಟ್ಟರು. ಉಂಡು ಎಲ್ಲಿ ಎಸೆಯಬೇಕೆಂದು ಯಾರಿಗೂ ತಿಳಿಯದೆ ಸಭಾಂಗಣದ ಹಿಂದೆ ಗುಡ್ಡೆ ಹಾಕಿ ಬಂದೆವು. ಬರುವಾಗ ನನಗೊಂದು ಹಸಿರು ಡ್ರಮ್ಮು ಸಿಕ್ಕಿತು. ಸುತ್ತಲೂ ತೂತು, ಮೇಲೆ ಮುಚ್ಚಳ, ಹೊಟ್ಟೆಯ ಮೇಲೆ ನಗುವ ಎಲೆಯ ಚಿತ್ರ. ತೊಂಬತ್ತು ದಿನದಲ್ಲಿ ಗೊಬ್ಬರ ಎಂದು ಬರೆದಿತ್ತು.

ಅತ್ತೆ ಅದರ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಬಾಯಿ ಐತಿ, ಹೊಟ್ಟಿ ಐತಿ. ತಿನ್ನಾಕ ಏನ್ ಹಾಕ್ತಿ?"

"ಅಡಿಗಿಮನಿ ಕಸಾ, ಅತ್ತಿ."

"ಅದನ್ನ ಎಮ್ಮಿ ತಿಂತೈತಲ್ಲವಾ. ಎಮ್ಮಿಗೂ ತರಬೇತಿ ಕೊಡಿಸ್ಕೊಂಡು ಬರಬೇಕಾಗಿತ್ತು."

ಅವರ ಮಾತು ಚುಚ್ಚಿತು, ಆದರೆ ಸುಳ್ಳಾಗಿರಲಿಲ್ಲ. ಮುಸುರೆ ಎಮ್ಮೆಗೆ, ಬಾಳೆಹಣ್ಣಿನ ಸಿಪ್ಪೆ ಓಣಿಯ ಆಚೆ ತುದಿಯ, ಎಲ್ಲರೂ ಖಾಲಾ ಅಂದರೆ ಚಿಕ್ಕಮ್ಮ ಎಂದೇ ಕರೆಯುವ ಹೆಂಗಸಿನ ಆಡುಗಳಿಗೆ, ಅನ್ನ ಮಿಕ್ಕರೆ ಬೆಳಗ್ಗೆ ಒಗ್ಗರಣೆಗೆ. ಡ್ರಮ್ಮಿಗೆ ಉಪವಾಸ. ಅದಕ್ಕಾಗಿಯೇ ಸಂತೆಯಿಂದ ಹೀರೇಕಾಯಿ ತಂದೆ. ಹೆರೆದು ಮುಗಿಸುವಷ್ಟರಲ್ಲಿ ಅತ್ತೆ ಸಿಪ್ಪೆಯನ್ನು ಬಾಣಲೆಗೆ ಹಾಕಿ ಹುರಿಯುತ್ತಿದ್ದರು.

"ಸಿಪ್ಪಿ ಡ್ರಮ್ಮಿಗೆ ಬೇಕಾಗಿತ್ರಿ ಅತ್ತಿ."

"ಡ್ರಮ್ಮು ಚಟ್ನಿ ತಿಂತೈತೇನು? ಹಂಗಾರ ಒಂದು ರೊಟ್ಟಿನೂ ಸುಟ್ಟು ಹಾಕ್ತೀನಿ ತಡಿ."

ಹಸಿ ಕಸ ದಕ್ಕಲಿಲ್ಲ. ಒಣ ಕಸವನ್ನಾದರೂ ತುಂಬೋಣವೆಂದುಕೊಂಡೆ. ನನ್ನ ತವರು ಬ್ಯಾಡಗಿ. ಅಲ್ಲಿ ಮನೆಮನೆಯಲ್ಲೂ ಹೆಂಗಸರು ಕೂತು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ತವರಿಗೆ ಹೋದವಳು ಎರಡು ಚೀಲ ತೊಟ್ಟು ಹೊತ್ತು ಬಂದೆ. ಊರಿಗೇ ಹೆಸರು ತಂದುಕೊಟ್ಟ ಕಾಯಿಯ ತೊಟ್ಟು ಬೀದಿಪಾಲಾಗಬಾರದು ಎಂಬ ತವರಿನ ಅಭಿಮಾನವೂ ಅದರಲ್ಲಿತ್ತು ಎನ್ನಿ. ಡ್ರಮ್ಮನ್ನು ಕುತ್ತಿಗೆಯವರೆಗೆ ತುಂಬಿದೆ. ಒಂದು ಚೊಂಬು ನೀರು ಚಿಮುಕಿಸಿದೆ. ಎರೆಹುಳು ಬಿಟ್ಟೆ. ಹುಳುಗಳು ಒಂದು ರಾತ್ರಿಯೂ ಉಳಿಯಲಿಲ್ಲ. ಬೆಳಗ್ಗೆ ನೋಡಿದರೆ ತೂತುಗಳಿಂದ ಹೊರಬಿದ್ದು, ಅಂಗಳ ದಾಟಿ, ಅತ್ತೆಯ ತಿಪ್ಪೆಯ ಕಡೆಗೆ ಹೊರಟಿದ್ದವು.

ಸಂಘದ ಸಭೆಯಲ್ಲಿ ಮಾತ್ರ "ಚಲೋ ಆಗಾಕತ್ತೈತಿ" ಎಂದೇ ಹೇಳುತ್ತಿದ್ದೆ. ಮೊದಲ ಸಲ ಹೇಳಿದ ಮೇಲೆ ಎರಡನೆಯ ಸಲ ಕಷ್ಟವಾಗಲಿಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ಪಂಚಾಯ್ತಿ ಮೇಂಬರು ಬೈಕಿನ ಮೇಲಿಂದಲೇ ಕೂಗಿ ಕೇಳಿದ.

"ಅಕ್ಕಾರ, ಬುಧವಾರ ಸಾಹೇಬ್ರು ನಿಮ್ಮ ಡ್ರಮ್ಮು ನೋಡಾಕ ಬರಾಕತ್ತಾರ. ನಿಮ್ಮನ್ನ ಮಾದರಿ ಮಹಿಳಾ ಅಂತ ಮಾಡವರದಾರ. ಗೊಬ್ಬರ ಆಗೇತಿಲ್ರಿ?"

"ಆಗೇತ್ರಿ," ಅಂದೆ.

ಅವನು ಹೋದ ಮೇಲೆ ಮುಚ್ಚಳ ತೆಗೆದೆ. ತೊಟ್ಟುಗಳು ಹಾಕಿದ ದಿನ ಹೇಗಿದ್ದವೋ ಹಾಗೇ ಇದ್ದವು. ಅರ್ಧ ತೆಗೆದು ಹಿತ್ತಲಿಗೆ ಚೆಲ್ಲಿ, ಬುಟ್ಟಿ ಹಿಡಿದು ತಿಪ್ಪೆಯ ಬಳಿ ಹೋದೆ. ಅತ್ತೆ ಎಮ್ಮೆ ಕಟ್ಟುತ್ತ ನನ್ನನ್ನೇ ನೋಡುತ್ತಿದ್ದರು.

"ಬುಡದಾಗಿಂದು ತಗೊ," ಎಂದರು. "ಮ್ಯಾಲಿಂದು ಇನ್ನ ಹಸಿ ಐತಿ. ಸುಳ್ಳು ಹೇಳೋದು ಹೇಳ್ತಿ, ಚಲೋ ಗೊಬ್ಬರದ ಮ್ಯಾಲರ ಹೇಳು."

ಬುಧವಾರ ತರಬೇತಿಯ ಸಾಹೇಬರೇ ಬಂದರು. ಜೊತೆಗೆ ಮೇಂಬರು, ಫೋಟೋ ತೆಗೆಯುವವನು, ರಿಜಿಸ್ಟರ್ ಹಿಡಿದವನು. ತಿಪ್ಪೆಯ ಪಕ್ಕದಲ್ಲಿ ಎಲ್ಲರೂ ಕರ್ಚೀಫು ಮೂಗಿಗೆ ಹಿಡಿದು ದಾಟಿ ಬಂದರು. ಸಾಹೇಬರು ಡ್ರಮ್ಮಿನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿ ಕಣ್ಣು ಮುಚ್ಚಿದರು.

"ನೋಡಿ, ಎಂಥ ವಾಸನೆ! ಮೊದಲ ಮಳೆ ಬಿದ್ದ ಮಣ್ಣಿನ ಹಾಗೆ. ತಿಪ್ಪೆಯಲ್ಲಿ ಇಂಥದ್ದು ಬರುತ್ತೇನಮ್ಮಾ?"

ನಾನು ತಲೆಯಾಡಿಸಿದೆ. ಹೌದೋ ಅಲ್ಲವೋ ಎಂದು ನೋಡಿದವರಿಗೆ ತಿಳಿಯದ ಹಾಗೆ.

ಅಷ್ಟರಲ್ಲಿ ಖಾಲಾ ಓಡುತ್ತ ಬಂದಳು. ಆಡು ಸಾಕಿ, ಒಂದು ಎಕರೆ ಹೊಲ ಮಾಡಿಕೊಂಡಿರುವ ಹೆಂಗಸು. ಸೆರಗು ಹೆಗಲಿಂದ ಜಾರಿತ್ತು.

"ಅಕ್ಕಾ, ನಂದು ಹೋತು!" ಎಂದಳು ಅತ್ತೆಗೆ. "ನಾ ಆಡು ಬಿಟ್ಟು ಬರೂದ್ರಾಗ ಟ್ರ್ಯಾಕ್ಟರ್ ಬಂದು ತಿಪ್ಪಿ ಬಳಕೊಂಡು ಹೋಗೇತಿ. ವರ್ಷದ ಆಡಿನ ಹಿಕ್ಕಿ ಎಲ್ಲಾ ಕ್ವಾರಿ ನೀರಿಗೆ ಸುರದಾರಂತ!"

ಮೇಂಬರು ನಕ್ಕ. "ಅದಕ್ಯಾಕ ಅಳ್ತಿ ಖಾಲಾ? ನಿನಗೂ ಒಂದು ಡ್ರಮ್ಮು ಬರತೈತಿ. ಈ ಅಕ್ಕಾರ ಡ್ರಮ್ಮು ಗೆದ್ದೈತಿ ಅಂತನ ಓಣಿ ತಿಪ್ಪಿ ತಗಸಾಕತ್ತೇವಿ. ಈಗ ಇವರದ ಪಾಳಿ."

ಟ್ರ್ಯಾಕ್ಟರಿನ ಸದ್ದು ಓಣಿಯ ತಿರುವಿಗೆ ಬಂದಿತ್ತು. ಅತ್ತೆ ಹೋಗಿ ತಿಪ್ಪೆಯ ಮುಂದೆ ನಿಂತರು. ನನ್ನ ಮುಖ ನೋಡಿದರು, ಅಷ್ಟೇ.

ನಾನು ಸೆರಗು ಸಿಕ್ಕಿಸಿಕೊಂಡು ಡ್ರಮ್ಮನ್ನು ಎರಡೂ ಕೈಯಿಂದ ಹಿಡಿದು ಬೋರಲು ಹಾಕಿದೆ.

ಮೊದಲು ಕಪ್ಪು ಗೊಬ್ಬರ ಬಿತ್ತು. ಅದರ ಹಿಂದೆ ತೊಟ್ಟು, ತೊಟ್ಟಿನ ಹಿಂದೆ ಕೆಂಪು ಧೂಳು. ಸಾಹೇಬರು ಸೀನಿದರು. ರಿಜಿಸ್ಟರಿನವನು ಸೀನುತ್ತ ಕಟ್ಟೆಯ ಮೇಲೆ ಕೂತ. ಮೇಂಬರು ಬೈಕಿನತ್ತ ಓಡಿದ. ಬ್ಯಾಡಗಿಯ ಮಗಳಾದ ನನಗೊಬ್ಬಳಿಗೆ ಏನೂ ಆಗಲಿಲ್ಲ. ಆಗಿದ್ದರೆ ಕಣ್ಣೀರಿಗೆ ಒಂದು ನೆಪವಾದರೂ ಸಿಗುತ್ತಿತ್ತು.

"ಏನಮ್ಮಾ ಇದು?" ಎಂದರು ಸಾಹೇಬರು, ಉಸಿರು ಸಿಕ್ಕ ಮೇಲೆ.

"ಮೆಣಸಿನಕಾಯಿ ತೊಟ್ಟ್ರಿ ಸರ. ಮೂರು ತಿಂಗಳಾತು, ಹಂಗ ಅದಾವ. ಡ್ರಮ್ಮಿನಾಗ ಏನೂ ಆಗಿಲ್ರಿ. ನಾ ಸುಳ್ಳು ಹೇಳೀನಿ."

"ಮತ್ತೆ ಮೇಲಿದ್ದ ಗೊಬ್ಬರ?"

ಅತ್ತೆ ಬೆರಳು ಹಿಂದಕ್ಕೆ ತೋರಿಸಿದರು. "ಇಲ್ಲಿಂದ್ರಿ. ನೀವು ಮೂಗು ಮುಚಗೊಂಡು ದಾಟಿ ಬಂದ್ರಲ್ಲ, ಅಲ್ಲಿಂದು."

ಸಾಹೇಬರು ಕೆಟ್ಟವರಲ್ಲ. ತಿಪ್ಪೆಯ ಬುಡದಿಂದ ತಾವೇ ಒಂದು ಹಿಡಿ ತೆಗೆದು ಮತ್ತೆ ಮೂಸಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಲು ಕೈ ಮಾಡಿದರು. ಆದರೆ ತಿಪ್ಪೆ ಎಂದು ಬರೆದರೆ ಮೇಲಿನವರು ಒಪ್ಪುವುದಿಲ್ಲವಂತೆ. ಬಹಳ ಹೊತ್ತು ಯೋಚಿಸಿ ರಿಜಿಸ್ಟರಿನಲ್ಲಿ "ತೆರೆದ ಮಾದರಿಯ ಸಾವಯವ ಗೊಬ್ಬರ ಘಟಕ" ಎಂದು ಬರೆಸಿದರು. ರಸ್ತೆಯ ಕಡೆಗೆ ಒಂದು ಸಾಲು ಕಲ್ಲಿಡಬೇಕು ಎಂದರು.

"ಹೆಸರು ಏನರ ಇಟಗೊಳ್ರಿ," ಎಂದರು ಅತ್ತೆ. "ಕೈ ಮಾತ್ರ ಹಚ್ಚಬ್ಯಾಡ್ರಿ."

ಮಾದರಿ ಮಹಿಳೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸಂಘದಲ್ಲಿ ಕೆಲವು ವಾರ ನಾನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಯಾರಾದರೊಬ್ಬರು ಸುಳ್ಳುಸುಳ್ಳೇ ಸೀನುತ್ತಿದ್ದರು. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಖಾಲಾನ ಮನೆಯ ಪಕ್ಕದ ಬೋಳು ನೆಲ. ನೀರು ತರಲು ಹೋಗುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಆಡುಗಳು ಅಲ್ಲಿ ನಿಂತು ಏನೋ ಕಳೆದುಕೊಂಡವರಂತೆ ನೆಲ ಮೂಸುತ್ತಿದ್ದವು.

ಗೊಬ್ಬರ ಹೊರುವ ದಿನ ಬಂತು. ಟ್ರೇಲರ್ ತುಂಬಿದ ಮೇಲೆ ಡ್ರೈವರ್ ವಾಡಿಕೆಯಂತೆ ನಮ್ಮ ಹೊಲದ ದಾರಿ ಹಿಡಿಯುವವನಿದ್ದ. ಅತ್ತೆ ತಡೆದರು.

"ಮೊದಲ ಎರಡು ಟ್ರೇಲರ್ ಖಾಲಾನ ಹೊಲಕ್ಕ."

"ಹಂಗಾರ ನಮಗ ಸಾಲಂಗಿಲ್ರಿ ಅತ್ತಿ," ಎಂದೆ.

"ಸಾಲಂಗಿಲ್ಲ. ನಿನ್ನ ಸುಳ್ಳಿಗೆ ಆಕೀ ಹೊಲ ಯಾಕ ಉಪವಾಸ ಬೀಳಬೇಕು? ನಡಿ, ಬುಟ್ಟಿ ನೀನ ಹೊರು."

ಖಾಲಾ ಹೊಲದ ಬದುವಿನ ಮೇಲೆ ಕೂತಿದ್ದಳು. ನಾನು ಮೊದಲ ಬುಟ್ಟಿ ಇಳಿಸಿದಾಗ ಎದ್ದು ಬಂದು, ಒಂದು ಹಿಡಿ ತೆಗೆದು, ದೂರದಿಂದಲೇ ಹುಷಾರಾಗಿ ಮೂಸಿದಳು.

"ಸೀನು ಬರಂಗಿಲ್ಲ ಹೌದಲ್ಲ?"

"ಇಲ್ಲ ಖಾಲಾ."

ಅವಳು ಗೊಬ್ಬರವನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹೊಲದ ಆಚೆ ತುದಿಗೆ ಕೈ ತೋರಿಸಿದಳು.

"ಹಂಗಾರ ಆ ಮೂಲಿಯಿಂದ ಚೆಲ್ಲಕೋಂತ ಬಾ. ಲಗೂ ಮಾಡು, ಬಿಸಲೇರತೈತಿ."

ನಾನು ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು ಆ ಮೂಲೆಯ ಕಡೆ ನಡೆದೆ.